ಕಿಟಕಿ ತೆರೆಯಲೋ, ಮುಚ್ಚಲೋ?



ಊಟದ ಹೊತ್ತಾಗುತ್ತಿದೆ, ಹೆಚ್ಚು ಸಮಯ ತೆಗೆದುಕೊಳ್ಳುವುದಿಲ್ಲ. 2020ರ ಆಗಸ್ಟ್ 16ರ ಬೆಳಗಿನ ಜಾವ ಗುಡುಗಿನ ಸದ್ದಿಗೆ ಎಚ್ಚರಗೊಂಡದ್ದು ನಿಮಗೂ ನೆನಪಿರಬಹುದು. ಮಳೆ ಬರಲಿಲ್ಲ, ಬರೀ ಸಿಡಿಲು. ಅದರಿಂದ ಹೊತ್ತಿಕೊಂಡ ಕಾಡ್ಗಿಚ್ಚಿನ ಹೊಗೆ ಕೆಲವೇ ದಿನದಲ್ಲಿ ಎಮರಿವಿಲ್‌ಗೂ ಬಂತು. ಸೆಖೆ ಇನ್ನೂ ಇಳಿದಿರಲಿಲ್ಲ. ಆ ವರ್ಷ ಊರಿಂದ ಬಂದಿದ್ದ ನಮ್ಮ ತಾಯಿ, ಕೋವಿಡ್‌ನಿಂದ ವಿಮಾನ ನಿಂತು, ನಮ್ಮಲ್ಲೇ ಉಳಿದಿದ್ದರು. ನಮ್ಮ ಅಪಾರ್ಟ್‌ಮೆಂಟಿಗೆ ಏಸಿ ಇಲ್ಲ. ಕೊಲ್ಲಿಯ ತಂಗಾಳಿ ಇರುವಾಗ ಏಕೆ ಬೇಕು ಎಂದುಕೊಂಡಿದ್ದೆವು. ಸೆಖೆಗೆ ರಾತ್ರಿ ಕಿಟಕಿ ತೆರೆಯಿರಿ ಎಂದು ಒಂದು ಸಲಹೆ, ಹೊಗೆಗೆ ಕಿಟಕಿ ಮುಚ್ಚಿರಿ ಎಂದು ಇನ್ನೊಂದು. "ಮುಚ್ಚಿದ್ರೆ ಬೇಯ್ತೀನಿ, ತೆಗೆದ್ರೆ ಕೆಮ್ತೀನಿ, ಯಾವುದು ಮಾಡ್ಲಿ ಹೇಳು" ಎಂದರು ಅಮ್ಮ. ನಮ್ಮ ಎಂ.ಎಸ್. ಡಿಗ್ರಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಒಂಟಿಯಾಗಿ ಸರಿಯಿರುವ ಎರಡು ಪ್ರೋಗ್ರಾಂಗಳು ಜೋಡಿಸಿದೊಡನೆ ಕೆಡುವುದನ್ನು ಮಾತ್ರ ಆಫೀಸಿನಲ್ಲಿ ಬೇಕಾದಷ್ಟು ಕಂಡಿದ್ದೆವು.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಈ ರಾಜ್ಯದ 2014ರಿಂದ 2019ರವರೆಗಿನ ಮರಣ ದಾಖಲೆಗಳನ್ನು ಪರಿಶೀಲಿಸಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ವಿಪರೀತ ಸೆಖೆ ಮಾತ್ರ ಇದ್ದ ದಿನ ಸಾವಿನ ಅಪಾಯ ಶೇ. 6ರಷ್ಟು ಹೆಚ್ಚು, ಗಾಳಿ ಮಾತ್ರ ತೀರಾ ಕೆಟ್ಟ ದಿನ ಶೇ. 5. ಎರಡೂ ಸೇರಿದರೆ 11 ಆಗಬೇಕಲ್ಲವೇ? ಆದದ್ದು 21! ಎಪ್ಪತ್ತೈದು ದಾಟಿದವರಲ್ಲಿ 36. ಮೈ ತಣಿಸಲು ಹೃದಯ ಚರ್ಮದ ಕಡೆಗೆ ಹೆಚ್ಚು ರಕ್ತ ತಳ್ಳಬೇಕು. ಅದೇ ಹೊತ್ತಿಗೆ, ಕೂದಲೆಳೆಯ ಮೂವತ್ತನೇ ಒಂದು ಪಾಲಿನಷ್ಟು ಸಣ್ಣ ಹೊಗೆಯ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅದೇ ಹೃದಯವನ್ನು ಕಾಡುತ್ತವೆ. "ಸೌದೆ ಒಲೆ ಊದಿದವಳು ನಾನು, ಈ ಹೊಗೆ ಏನು ಮಹಾ" ಎನ್ನುವ ಅಮ್ಮಂದಿರೇ, ಆ ಒಲೆಯೇ ನಿಮ್ಮ ಎದೆಯನ್ನು ಮೊದಲೇ ದಣಿಸಿದೆ.

ಎಮರಿವಿಲ್ ದಾಟಿದರೆ ವೆಸ್ಟ್ ಓಕ್ಲೆಂಡ್. ಸುತ್ತ 580, 880, 980 ಫ್ರೀವೇಗಳು, ಜೊತೆಗೆ ಬಂದರಿನ ಲಾರಿಗಳು. ಅಲ್ಲಿಯವರಿಗೆ ಕಾಡ್ಗಿಚ್ಚಿಲ್ಲದ ದಿನವೂ ಡೀಸೆಲ್ ಹೊಗೆ ತಪ್ಪಿದ್ದಲ್ಲ. 2017ರ ರಾಜ್ಯ ಕಾನೂನಿನಡಿ ಅಲ್ಲಿನ ನಿವಾಸಿಗಳೂ ಜೊತೆಗೆ ಕೂತು, 2019ರಲ್ಲಿ ತಮ್ಮ ಬಡಾವಣೆಯ ಗಾಳಿಗೊಂದು ಯೋಜನೆ ರೂಪಿಸಿದರು.

ನಾವು 20 ಇಂಚಿನ ಬಾಕ್ಸ್ ಫ್ಯಾನಿಗೆ ಮರ್ವ್ 13 ಫಿಲ್ಟರ್ ಅಂಟಿಸಿ ಅಮ್ಮನ ಕೋಣೆಯಲ್ಲಿಟ್ಟೆವು. ಹೊಗೆ ತಗ್ಗಿತು, ಸೆಖೆ ತಗ್ಗಲಿಲ್ಲ. ಇಂದು ಕೂಡುವ ಹಣದಲ್ಲಿ ಒಂದು ಪಾಲು ಇಂಥ ಫ್ಯಾನು, ಫಿಲ್ಟರುಗಳಿಗೆ ಹೋಗಲಿದೆ, ವೆಸ್ಟ್ ಓಕ್ಲೆಂಡಿನ ನೆರೆಯವರಿಗೂ ಸೇರಿ. ಸೆಖೆಗೆ ಬೇಕಾದದ್ದು ನಿಮ್ಮ ಮನೆ. ಬಾಗಿಲಲ್ಲಿ ಎರಡು ಪಟ್ಟಿ ಇಟ್ಟಿದ್ದೇವೆ. ಏಸಿ ಇಲ್ಲದ ಮನೆಯಲ್ಲಿ ಹಿರಿಯರಿರುವವರು ಒಂದರಲ್ಲಿ, ಏಸಿ ಇದ್ದು ಅಂಥ ದಿನ ಅವರನ್ನು ಕೂರಿಸಿಕೊಳ್ಳಬಲ್ಲವರು ಇನ್ನೊಂದರಲ್ಲಿ ಹೆಸರು ಬರೆಯಿರಿ. ಎರಡು ಸಲ ಕಾಫಿ ಮಾಡಿಕೊಡಬೇಕಾದೀತು, ಅಷ್ಟೆ.