ಕಾರಿನಲ್ಲಿ ಅನಿಲ ಸಿಲಿಂಡರಿನ ಭದ್ರ ಜೋಡಣೆ



ನಗರಗಳ ಗಾಳಿಯನ್ನು ಶುದ್ಧವಾಗಿರಿಸುವ ಪ್ರಯತ್ನದಲ್ಲಿ ಸಂಕುಚಿತ ನೈಸರ್ಗಿಕ ಅನಿಲ, ಅಂದರೆ ಸಿ.ಎನ್.ಜಿ., ಮಹತ್ವದ ಪಾತ್ರ ವಹಿಸಿದೆ. ದೆಹಲಿಯ ಬಸ್ಸುಗಳು ಈ ಇಂಧನಕ್ಕೆ ಬದಲಾಗಬೇಕೆಂದು ಸರ್ವೋಚ್ಚ ನ್ಯಾಯಾಲಯವು 1998ರ ಜುಲೈ 28ರಂದು ಆದೇಶಿಸಿತು. ಇಂದು ದೆಹಲಿ, ಮುಂಬಯಿ, ಪುಣೆ ನಗರಗಳಲ್ಲಿ ಟ್ಯಾಕ್ಸಿಗಳಷ್ಟೇ ಅಲ್ಲದೆ ಸ್ವಂತ ಕಾರುಗಳೂ ಬಹುಸಂಖ್ಯೆಯಲ್ಲಿ ಸಿ.ಎನ್.ಜಿ.ಯಿಂದ ಓಡುತ್ತಿವೆ. ಇವುಗಳಲ್ಲಿ ಕೆಲವು ಕಾರ್ಖಾನೆಯಿಂದಲೇ ಸಿಲಿಂಡರ್ ಸಮೇತ ಬಂದವು. ಇನ್ನು ಕೆಲವು ಮೊದಲು ಪೆಟ್ರೋಲ್ ಕಾರುಗಳಾಗಿದ್ದು, ತರುವಾಯ ಕಿಟ್ ಅಳವಡಿಸಿಕೊಂಡವು. ಈ ಎರಡನೆಯ ಬಗೆಯ ಕಾರುಗಳಲ್ಲಿ ಸಿಲಿಂಡರನ್ನು ಬಿಗಿದಿರುವ ರೀತಿಯು ವಿಶೇಷ ಗಮನಕ್ಕೆ ಅರ್ಹವಾಗಿದೆ.

ಸಿಲಿಂಡರ್ ಸಿಡಿಯುವುದೇ ಎಂಬ ಭಯ ಅನೇಕರಿಗಿದೆ. 200 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡವನ್ನು ತಡೆಯುವಂತೆಯೇ ಅದು ನಿರ್ಮಿತವಾಗಿರುತ್ತದೆ. ಆದರೆ ಅದನ್ನು ಹಿಡಿದಿಟ್ಟಿರುವ ಪಟ್ಟಿ ಮತ್ತು ಬೋಲ್ಟುಗಳ ಬಗ್ಗೆ ವಿಚಾರಿಸುವವರು ವಿರಳ. 60 ಲೀಟರ್ ಗಾತ್ರದ ಉಕ್ಕಿನ ಸಿಲಿಂಡರ್ ತುಂಬಿದಾಗ ಸುಮಾರು 70 ಕಿಲೋಗ್ರಾಂ ತೂಗುತ್ತದೆ. ಅಪಘಾತದಲ್ಲಿ ಕಾರು ಥಟ್ಟನೆ ನಿಂತರೂ ಈ ಭಾರವು ಮುಂದಕ್ಕೇ ಸಾಗಲು ಯತ್ನಿಸುತ್ತದೆ. ಆದುದರಿಂದಲೇ ಕಾರಿನಲ್ಲಿ ಸಿಲಿಂಡರಿನ ಜೋಡಣೆಯು ಚಲನೆಯ ದಿಕ್ಕಿನಲ್ಲಿ ಅದರ ತೂಕದ 20 ಪಟ್ಟು, ಪಕ್ಕಕ್ಕೆ 8 ಪಟ್ಟು ಬಲವನ್ನು ತಾಳಬೇಕೆಂದು ಮಾನಕಗಳು ವಿಧಿಸುತ್ತವೆ. ಮೇಲಿನ ಸಿಲಿಂಡರಿಗೆ ಇದು ಮುಂದಕ್ಕೆ 1,400 ಕಿಲೋಗ್ರಾಂ ಭಾರಕ್ಕೆ ಸಮ. ಆ ಭಾರಕ್ಕೂ ಹಿಂದಿನ ಆಸನದಲ್ಲಿ ಕುಳಿತ ಮಕ್ಕಳು ಮರಿಗಳಿಗೂ ನಡುವೆ ಇರುವುದು ಆಸನದ ಬೆನ್ನು ಮಾತ್ರ.

ಭದ್ರವಾದ ಜೋಡಣೆಯ ಲಕ್ಷಣಗಳು ಸರಳವಾಗಿವೆ. ಸಿಲಿಂಡರ್ ಉಕ್ಕಿನ ಚೌಕಟ್ಟಿನ ಮೇಲೆ ಕುಳಿತು, ಕನಿಷ್ಠ ಎರಡು ಉಕ್ಕಿನ ಪಟ್ಟಿಗಳಿಂದ ಬಿಗಿಯಲ್ಪಟ್ಟಿರಬೇಕು. ಕಾರಿನ ನೆಲದ ತಗಡು ತೆಳುವಾದುದು. ಬರಿಯ ತಗಡಿಗೆ ಹಾಕಿದ ಬೋಲ್ಟು ಆಘಾತದಲ್ಲಿ ಅದನ್ನು ಹರಿದುಕೊಂಡು ಬರಬಹುದು. ಆದ್ದರಿಂದ ಬಲವನ್ನು ಹಂಚುವ ದಪ್ಪ ತಟ್ಟೆಗಳು ತಗಡಿನ ಕೆಳಗೆ ಇರಬೇಕು. ಪಟ್ಟಿಗೂ ಸಿಲಿಂಡರಿಗೂ ನಡುವೆ ರಬ್ಬರ್ ಇರಬೇಕು. ಇಲ್ಲವಾದರೆ ಉಜ್ಜಾಟದಿಂದ ಬಣ್ಣ ಕಿತ್ತು ತುಕ್ಕು ಹಿಡಿಯುತ್ತದೆ. ಸಿಲಿಂಡರಿಗೆ ಎಂದಿಗೂ ವೆಲ್ಡಿಂಗ್ ಮಾಡಕೂಡದು. ಆ ಕಾವಿನಿಂದ ಉಕ್ಕಿನ ಗಟ್ಟಿತನ ಕುಂದುತ್ತದೆ.

ಸಡಿಲವಾದ ಸಿಲಿಂಡರ್ ಅಪಘಾತವಿಲ್ಲದೆಯೂ ಅಪಾಯಕಾರಿ. ಹಳ್ಳ ದಿಣ್ಣೆಗಳ ಕುಲುಕಾಟಕ್ಕೆ ಅದು ಪಟ್ಟಿಯೊಳಗೆ ತುಸು ತಿರುಗಿದರೂ ಅನಿಲದ ಕೊಳವೆ ಎಳೆದಂತಾಗಿ, ಕೀಲಿನಲ್ಲಿ ಸೋರಿಕೆ ಆರಂಭವಾಗಬಹುದು. ನೈಸರ್ಗಿಕ ಅನಿಲವು ಗಾಳಿಗಿಂತ ಹಗುರವಾದ್ದರಿಂದ ಬಯಲಿನಲ್ಲಿ ಬೇಗ ಮೇಲೇರಿ ಚದುರುತ್ತದೆ; ಮುಚ್ಚಿದ ಕಾರಿನಲ್ಲಿಯಾದರೋ ಶೇಖರವಾಗುತ್ತದೆ. ಈ ಕಾರಣದಿಂದ ಕವಾಟಕ್ಕೆ ಅನಿಲ ಸೋರದಂಥ ಹೊದಿಕೆಯೂ, ಅದರಿಂದ ಕಾರಿನ ಹೊರಕ್ಕೆ ತೆರೆದ ನಳಿಕೆಯೂ ಅತ್ಯಾವಶ್ಯಕ.

ಅನಿಲ ಸಿಲಿಂಡರ್ ನಿಯಮಗಳು, 2016ರ ಪ್ರಕಾರ ವಾಹನದ ಸಿ.ಎನ್.ಜಿ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ನೀರಿನ ಒತ್ತಡದಿಂದ ಪರೀಕ್ಷಿಸಬೇಕು. ಪರೀಕ್ಷೆಗಾಗಿ ಬಿಚ್ಚಿದ ಸಿಲಿಂಡರನ್ನು ಮರಳಿ ಕೂಡಿಸುವಾಗ ತೋರುವ ಅವಸರವು ಪರೀಕ್ಷೆಯ ಪ್ರಯೋಜನವನ್ನೇ ಕೆಡಿಸಬಲ್ಲುದು. ಸವೆದ ಬೋಲ್ಟು, ಒಣಗಿ ಬಿರಿದ ರಬ್ಬರ್ ಇವುಗಳನ್ನು ಆಗಲೇ ಬದಲಿಸುವುದು ಲೇಸು. ಕಿಟ್ಟನ್ನು ಮಾನ್ಯತೆ ಪಡೆದ ಕೇಂದ್ರದಲ್ಲಿಯೇ ಅಳವಡಿಸಿ, 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ ಆ ಮಾರ್ಪಾಟನ್ನು 14 ದಿನಗಳೊಳಗಾಗಿ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.

ಹಳೆಯ ಕಾರನ್ನು ಕೊಳ್ಳುವವರು ಈ ದಾಖಲೆಗಳನ್ನು ಮೊದಲು ಕೇಳಿ ನೋಡಬೇಕು. ಕಾರಿನ ಒಡೆಯರು ಆಗಾಗ ಸಿಲಿಂಡರನ್ನು ಎರಡೂ ಕೈಗಳಿಂದ ಹಿಡಿದು ಅಲುಗಿಸಿ ನೋಡುವುದು ಒಳ್ಳೆಯದು. ಅದು ಕಿಂಚಿತ್ತು ಅಲುಗಿದರೂ ಕವಾಟವನ್ನು ಮುಚ್ಚಿ, ಕಾರನ್ನು ಓಡಿಸದೆ, ತಿಳಿದ ತಂತ್ರಜ್ಞರನ್ನು ಕರೆಸಬೇಕು. ಇಂಧನದಲ್ಲಿ ಉಳಿತಾಯವಾಗುವ ಹಣ ದೊಡ್ಡದೇ ಇರಬಹುದು. ಆದರೆ ಒಂದು ಬೋಲ್ಟಿನ ಉಳಿತಾಯಕ್ಕಾಗಿ ಮನೆಮಂದಿಯ ಪ್ರಾಣವನ್ನು ಪಣವಾಗಿಡುವುದು ಸಲ್ಲದು.