ಎತ್ತಿದ್ದು ನಿಲ್ಲುವ ಬಗೆ

ಈ ಸಂಜೆ ನಾನು ಮಾತನಾಡಹೊರಟಿರುವ ವಿಷಯವು ಮೊದಲು ಕೇಳುವವರಿಗೆ ತುಸು ಒರಟಾಗಿ ತೋರಬಹುದು. ಮನೆಯ ಪೋರ್ಟಿಕೋದಲ್ಲಿ ನಿಂತಿರುವ ಕಾರಿನೊಳಗಿಂದ ಎಂಜಿನ್ನನ್ನು ಎತ್ತಿ ಹೊರಗಿಡುವುದಕ್ಕೆ ಎಂಥ ಸಾಧನವನ್ನು ತರಬೇಕೆಂಬುದೇ ಆ ವಿಷಯ. ಪ್ರಶ್ನೆ ನನ್ನದಲ್ಲ, ಬೆಂಗಳೂರಿನ ಪದ್ಮನಾಭನಗರದಲ್ಲಿರುವ ನನ್ನ ಅಕ್ಕನ ಮಗನದು. ನಮ್ಮ ಭಾವನವರು 1984ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು, ಅವರು ಕಾಲವಾದ ಮೇಲೆ ಟಾರ್ಪಾಲು ಹೊದ್ದುಕೊಂಡು, ಬೀದಿಯ ಬೆಕ್ಕುಗಳಿಗೆ ಪ್ರಸೂತಿಗೃಹವಾಗಿ, ಹಲವು ವರ್ಷ ಅಲ್ಲಿಯೇ ನಿಂತಿತ್ತು. ತಂದೆಯ ಕಾರಿನ ಎಂಜಿನ್ನನ್ನು ತಾನೇ ಬಿಚ್ಚಿ, ರಿಂಗು ಬೇರಿಂಗುಗಳನ್ನು ಬದಲಾಯಿಸಿ, ಮತ್ತೆ ಕೂರಿಸಬೇಕೆಂಬ ಹಂಬಲ ಆ ಹುಡುಗನಿಗೆ (ಹುಡುಗನೆಂದರೂ ಅವನಿಗೆ ನಲವತ್ತು ದಾಟಿದೆ) ಇದ್ದಕ್ಕಿದ್ದಂತೆ ಹುಟ್ಟಿತು. "ಮಾಮ, ಒಂದು ಟನ್ನಿಂದು ಸಾಕಾ, ಎರಡು ಟನ್ನಿಂದು ತರಲಾ?" ಎಂದು ಫೋನಿನಲ್ಲಿ ಕೇಳಿದ. ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ದುಡಿದು ಬಂದವನಿಗೆ ಒಂದು ಮಾತಿನಲ್ಲಿ ಹೇಳಿಬಿಡಬಹುದಾದ ಉತ್ತರವೇ ಅದು. ಆದರೆ ಯಾವುದನ್ನು ಕೇಳಿದರೂ ಅದರ ವಂಶಾವಳಿಯನ್ನು ಹುಡುಕಹೊರಡುವ ಚಪಲವೊಂದು ವಯಸ್ಸಿನೊಡನೆ ನನಗೆ ಅಂಟಿಕೊಂಡಿದೆ.

ಭಾರವನ್ನೆತ್ತುವ ವಿದ್ಯೆಯಲ್ಲಿ ನಮ್ಮ ನಾಡಿನವರಿಗೆ ಮೊದಲ ಗುರು ಬಾವಿ. ಒಂದು ಕವಲುಗಂಬದ ಮೇಲೆ ಉದ್ದನೆಯ ಮರವನ್ನು ಅಡ್ಡಲಾಗಿಟ್ಟು, ಅದರ ಒಂದು ತುದಿಗೆ ಬಿದಿರಿನ ಗಳವನ್ನೂ ಗಳಕ್ಕೆ ಬಾನಿಯನ್ನೂ ಕಟ್ಟಿ, ಇನ್ನೊಂದು ತುದಿಯಲ್ಲಿ ಕಲ್ಲನ್ನೇ ಹೇರಿಯೋ, ಮನುಷ್ಯನೇ ಮರದ ಮೇಲೆ ಹಿಂದೆ ಮುಂದೆ ನಡೆದೋ ನೀರನ್ನು ಮೇಲಕ್ಕೆ ತರುವ ಏತವನ್ನು ನಮ್ಮಲ್ಲಿ ವಯಸ್ಸಾದವರು ಕಂಡೇ ಇದ್ದಾರೆ. ಕಪಿಲೆಯ ಕ್ರಮ ಬೇರೆ: ಅಲ್ಲಿ ಎತ್ತುಗಳು ಇಳಿಜಾರಿನ ಹಾದಿಯಲ್ಲಿ ಕೆಳಗೆ ನಡೆಯುತ್ತಿದ್ದಂತೆ, ಗಾಲಿಯ ಮೇಲೆ ಹಾದ ಹಗ್ಗವು ಚರ್ಮದ ಬಾನಿಯನ್ನು ಮೇಲಕ್ಕೆಳೆಯುತ್ತದೆ. ಮನೆಯ ಸೇದುಬಾವಿಯ ಗಡಗಡೆಯು ಈ ಕಪಿಲೆಗೇ ತಂಗಿ. ಏತವು ಸನ್ನೆಗೋಲಿನ ಕುಲದ್ದು, ಕೆಳಗೆ ನೆಲವನ್ನು ಊರಿ ಭಾರವನ್ನು ಮೀಟುತ್ತದೆ. ಗಡಗಡೆಯು ರಾಟೆಯ ಕುಲದ್ದು, ಮೇಲಿನಿಂದ ತೂಗುಬಿಟ್ಟು ಎಳೆಯುತ್ತದೆ. ಇಂದು ಅಂಗಡಿಯಲ್ಲಿ ದೊರೆಯುವ ಎಂಜಿನ್ ಕ್ರೇನು, ಚೈನ್ ಬ್ಲಾಕುಗಳನ್ನು ಬಣ್ಣ ಕೆರೆದು ನೋಡಿದರೆ ಒಳಗೆ ಈ ಎರಡೇ ಕುಲಗಳು ಕಾಣುತ್ತವೆ.

ಆದರೆ ಬಾವಿಯು ಕಲಿಸದೆ ಬಿಟ್ಟ ಪಾಠವೊಂದುಂಟು. ಸೇದುತ್ತಿರುವ ಕೈ ಜಾರಿತೆಂದರೆ, ಅಷ್ಟು ಹೊತ್ತು ವಿಧೇಯನಾಗಿ ಮೇಲೇರುತ್ತಿದ್ದ ಕೊಡವು ಸರ್ರನೆ ಕೆಳಗಿಳಿದು ನೀರಿಗೆ ಬಿದ್ದು, ಹಗ್ಗವು ಅಂಗೈಯ ಚರ್ಮವನ್ನು ಸುಟ್ಟುಕೊಂಡು ಹೋಗುತ್ತದೆ. ಎತ್ತುವುದನ್ನು ಮನುಷ್ಯ ಬೇಗ ಕಲಿತ. ಎತ್ತಿದ್ದನ್ನು ಎತ್ತಿದಲ್ಲಿಯೇ ನಿಲ್ಲಿಸುವುದನ್ನು ಕಲಿಯುವುದಕ್ಕೆ ಅವನಿಗೆ ಬಹುಕಾಲ ಹಿಡಿಯಿತು. ಜಾತ್ರೆಯಲ್ಲಿ ರಥವನ್ನೆಳೆಯುವವರು ಸಾವಿರ ಮಂದಿ ಇರಬಹುದು, ಅವರನ್ನು ನೋಡುವವರು ಇನ್ನೂ ಹೆಚ್ಚು ಇರಬಹುದು. ಚಕ್ರದ ಪಕ್ಕದಲ್ಲಿಯೇ ಬಾಗಿ ಓಡುತ್ತ, ಬೇಕಾದ ಕ್ಷಣಕ್ಕೆ ಮರದ ತಡೆಯನ್ನು ಅದರಡಿಗೆ ನೂಕುವ ಆ ನಾಲ್ಕಾರು ಮಂದಿಯನ್ನು ಯಾರೂ ನೋಡುವುದಿಲ್ಲ. ನನಗಂತೂ ಚಿಕ್ಕಂದಿನಿಂದಲೂ ಅವರನ್ನು ಕಂಡರೇ ಭಯವೂ ಗೌರವವೂ.

ಕಲ್ಲಿನ ಕೆಲಸದಲ್ಲಿ ನಮ್ಮ ಹಿರಿಯರು ಈ ತೊಡಕನ್ನು ಹಲವು ವೇಳೆ ಜಾಣತನದಿಂದ ತಪ್ಪಿಸಿಕೊಂಡರು. 10ನೆಯ ಶತಮಾನದ ಕೊನೆಯಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ಕಡೆದವರು ಬೆಟ್ಟದ ನೆತ್ತಿಯ ಬಂಡೆಯಲ್ಲಿಯೇ ಕಡೆದುದರಿಂದ ಅವನನ್ನು ಎತ್ತುವ ಪ್ರಸಂಗವೇ ಬರಲಿಲ್ಲ. ಕಾರ್ಕಳದಲ್ಲಿ ಹಾಗಾಗಲಿಲ್ಲ, 1432ರಲ್ಲಿ ಪ್ರತಿಷ್ಠೆಗೊಂಡ ಅಲ್ಲಿಯ ಬಾಹುಬಲಿಯನ್ನು ಬೇರೆಡೆ ಕಡೆದು, ಬಂಡಿಯ ಮೇಲೆ ಹೇರಿ, ಜನರೇ ಗುಡ್ಡದ ಮೇಲಕ್ಕೆ ಎಳೆದು ತಂದರೆಂಬುದು ಪರಂಪರೆಯ ಮಾತು. ಅದೇ ಕಾರ್ಕಳದಲ್ಲಿ ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಡೆದ 39 ಅಡಿಯ ಬಾಹುಬಲಿ ಮೂರ್ತಿ 1973ರಲ್ಲಿ ಧರ್ಮಸ್ಥಳಕ್ಕೆ ಪಯಣಿಸಿತು. ಆ ಹಾದಿಯ ಏರಿಳಿತಗಳನ್ನು ಬಲ್ಲವರು ಎಳೆದ ಎಂಜಿನ್ನುಗಳಿಗಿಂತ ತಡೆದ ಕೈಗಳನ್ನೇ ಹೆಚ್ಚಾಗಿ ನೆನೆದಾರು.

ನಿಲ್ಲಿಸುವ ವಿದ್ಯೆಯಲ್ಲಿ ನಿಜವಾದ ಹೆಜ್ಜೆ ಬಿದ್ದದ್ದು 1850ರ ದಶಕದ ಇಂಗ್ಲೆಂಡಿನಲ್ಲಿ. ಬರ್ಮಿಂಗ್‌ಹ್ಯಾಮಿನ ಬಳಿಯ ಥಾಮಸ್ ಆಲ್ಡ್ರಿಜ್ ವೆಸ್ಟನ್ ಎಂಬಾತನು, ಹಳೆಯ ಚೀನೀ ರಾಟೆಯೊಂದರ ಸೂತ್ರವನ್ನು ಹಿಡಿದು, ಒಂದೇ ಅಚ್ಚಿನ ಮೇಲೆ ತುಸು ದೊಡ್ಡದೂ ತುಸು ಚಿಕ್ಕದೂ ಆದ ಎರಡು ಗಾಲಿಗಳನ್ನು ಕೂಡಿಸಿ, ಕೊನೆಯಿಲ್ಲದ ಸರಪಳಿಯೊಂದನ್ನು ಎರಡರ ಮೇಲೂ ಹಾಯಿಸಿದ. ದೊಡ್ಡ ಗಾಲಿಯ ಸುತ್ತಳತೆ 20 ಅಂಗುಲ, ಚಿಕ್ಕದರದು 18 ಎನ್ನೋಣ. ಗಾಲಿ ಒಂದು ಸುತ್ತು ತಿರುಗಿದಾಗ ಒಂದು ಕಡೆ 20 ಅಂಗುಲ ಸರಪಳಿ ಮೇಲೇರಿ, ಇನ್ನೊಂದು ಕಡೆ 18 ಅಂಗುಲ ಕೆಳಗಿಳಿಯುತ್ತದೆ. ಉಳಿಕೆಯ 2 ಅಂಗುಲವು ಕೆಳಗಿನ ಗಾಲಿಯ ಎರಡು ಎಳೆಗಳಿಗೆ ಹಂಚಿಹೋಗಿ, ಭಾರವು ಏರುವುದು ಒಂದೇ ಅಂಗುಲ. ಇಪ್ಪತ್ತು ಅಂಗುಲ ಎಳೆದು ಒಂದು ಅಂಗುಲ ಎತ್ತುವ ಈ ಜಿಪುಣ ವ್ಯಾಪಾರದಲ್ಲಿ, ಎಳೆದ ಶ್ರಮದ ಅರ್ಧಕ್ಕಿಂತ ಹೆಚ್ಚು ಘರ್ಷಣೆಗೇ ಸಂದುಹೋಗುತ್ತದೆ. ಸೊಗಸು ಇರುವುದು ಅಲ್ಲಿಯೇ. ಆ ನಷ್ಟದ ದೆಸೆಯಿಂದಲೇ ಭಾರಕ್ಕೆ ಗಾಲಿಯನ್ನು ಹಿಂದಕ್ಕೆ ತಿರುಗಿಸುವ ತ್ರಾಣ ಉಳಿಯುವುದಿಲ್ಲ. ಕೈ ಬಿಟ್ಟರೂ ಅದು ನಿಂತಲ್ಲಿ ನಿಲ್ಲುತ್ತದೆ. ನಷ್ಟವನ್ನೇ ಕಾವಲಿಗೆ ನಿಲ್ಲಿಸಿದ ಇಂಥ ಯುಕ್ತಿಯನ್ನು ಯಂತ್ರಶಾಸ್ತ್ರದಲ್ಲಿ ನಾನು ಹೆಚ್ಚು ಕಂಡಿಲ್ಲ. ಇಂದಿನ ಚೈನ್ ಬ್ಲಾಕಿನಲ್ಲಿ ಗಿಯರುಗಳೂ, ಭಾರದ ಒತ್ತಡದಿಂದಲೇ ಬಿಗಿಯುವ ಘರ್ಷಣೆಯ ಬಿಲ್ಲೆಗಳೂ, ಎತ್ತುವಾಗ ಟಕಟಕನೆ ಸದ್ದು ಮಾಡುವ ಹಲ್ಲುತಡೆಯೂ ಬಂದಿವೆ; ಗುರಿ ಮಾತ್ರ ಅಂದಿನದೇ.

ವೆಸ್ಟನ್ನನ ಈ ರಾಟೆಯನ್ನು ತಯಾರಿಸಿದವರು ಬರ್ಮಿಂಗ್‌ಹ್ಯಾಮಿನಲ್ಲಿ ಕಾರ್ಖಾನೆ ಹೂಡಿದ್ದ ಟ್ಯಾಂಜಿ ಸೋದರರು. ಏತದ ಕುಲಕ್ಕೆ ಹೊಸ ಜೀವ ಬಂದ ಕಥೆಯಲ್ಲಿಯೂ ಅವರೇ ಎದುರಾಗುತ್ತಾರೆ. ಪಾಸ್ಕಲನ ದ್ರವನಿಯಮವನ್ನು ಹಿಡಿದು ಜೋಸೆಫ್ ಬ್ರಾಮಾ 1795ರಲ್ಲಿ ಜಲಶಕ್ತಿಯ ಒತ್ತುಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಆ ತತ್ತ್ವದ ಜಾಕುಗಳನ್ನು ಟ್ಯಾಂಜಿಗಳು ತಯಾರಿಸಿ ಒದಗಿಸಿದರು. ಎಂಜಿನಿಯರ್ ಬ್ರುನೆಲ್ಲನ 'ಗ್ರೇಟ್ ಈಸ್ಟರ್ನ್' ಎಂಬ ಮಹಾನೌಕೆ ದಡದ ಮೇಲೆ ಹಠಹಿಡಿದು ಕುಳಿತಿದ್ದಾಗ, 1858ರ ಜನವರಿಯಲ್ಲಿ ಅದನ್ನು ನೀರಿಗೆ ನೂಕಿದ್ದು ಈ ಜಾಕುಗಳೇ. ಈ ಸೋದರರು ಹುಟ್ಟಿದ್ದು ಗಣಿಗಳ ನಾಡಾದ ಕಾರ್ನ್‌ವಾಲಿನಲ್ಲಿ. 1880ರಿಂದಾಚೆಗೆ ಜಾನ್ ಟೇಲರ್ ಕಂಪನಿಯವರು ನಮ್ಮ ಕೋಲಾರದ ಚಿನ್ನದ ಗಣಿಗೆ ಕರೆತಂದ ಮೇಸ್ತ್ರಿಗಳಲ್ಲಿಯೂ ಕಾರ್ನ್‌ವಾಲಿನವರು ಅನೇಕರಿದ್ದರು.

ಕನ್ನಡನಾಡು ಕಂಡ ಮಹಾ ಎತ್ತುಗಗಳೆಂದರೆ ಈ ಕೋಲಾರದ ಗಣಿಯವೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿಯ ಮೇಲೆ ಕೋಲಾರಕ್ಕೆ ಬಂದಿತು. ಅಲ್ಲಿಯ ಚಾಂಪಿಯನ್ ರೀಫ್ ಗಣಿಯ ಆಳ ಕ್ರಮೇಣ 3 ಕಿಲೋಮೀಟರನ್ನು ಮೀರಿತು. ಉಕ್ಕಿನ ಹಗ್ಗದ ಕೊನೆಯ ಕೇಜಿನಲ್ಲಿ ನಿಂತು ಆ ಕತ್ತಲೆಗೆ ಇಳಿಯುವ ಕೂಲಿಯವನು ತನ್ನ ಜೀವವನ್ನು ಒಪ್ಪಿಸಿದ್ದು ಎಳೆಯುವ ಮೋಟಾರಿಗಲ್ಲ, ಮೇಲಿನ ಡ್ರಮ್ಮಿನ ಬ್ರೇಕಿಗೆ. 2001ರಲ್ಲಿ ಗಣಿ ಮುಚ್ಚಿತು.

ಇನ್ನು ಎತ್ತಬೇಕಾದ ವಸ್ತುವಿನ ವಿಚಾರ. ಈ ಪದ್ಮಿನಿಗೂ ಬೆಂಗಳೂರಿಗೂ ಒಂದು ಹಳೆಯ ಬಾಂಧವ್ಯವುಂಟು. ನಮ್ಮ ದೇಶದಲ್ಲಿಯೇ ಮೋಟಾರುಗಳು ತಯಾರಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಸಿದ್ಧಪಡಿಸಿದವರು ವಿಶ್ವೇಶ್ವರಯ್ಯನವರು. ಅದಕ್ಕೆ ಕೈಜೋಡಿಸಿದ ಉದ್ಯಮಿ ವಾಲಚಂದ್ ಹೀರಾಚಂದರು, ಬ್ರಿಟಿಷ್ ಸರ್ಕಾರದ ಬೆಂಬಲ ಸಿಗದೆ ಆ ಕೆಲಸ ಹಿಂದೆ ಬೀಳಲು, ಮೈಸೂರು ಸರ್ಕಾರದೊಡನೆ ಸೇರಿ 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧಕಾಲದಲ್ಲಿ ಅಮೆರಿಕದ ಸೈನ್ಯವು ಅದನ್ನು ವಹಿಸಿಕೊಂಡು, ವಿಮಾನಗಳ ಎಂಜಿನ್ನುಗಳನ್ನು ರಾಶಿರಾಶಿಯಾಗಿ ಕಳಚಿ ದುರಸ್ತಿ ಮಾಡಿಸುವ ತಾಣವನ್ನಾಗಿ ಮಾಡಿತು. ಎಂಜಿನ್ನನ್ನು ತೂಗುಹಾಕಿ ಇಳಿಸುವ ಕೆಲಸದಲ್ಲಿ ಈ ಊರಿನ ಕೈಗಳು ಪಳಗಿದ್ದು ಅಲ್ಲಿ. ವಾಲಚಂದರ ಮೋಟಾರಿನ ಕನಸು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯಾಗಿ ಕೈಗೂಡಿತು; ಅವರ ಕಾಲಾನಂತರ ಅಲ್ಲಿ ತಯಾರಾದ ಫಿಯೆಟ್ಟು 1974ರಲ್ಲಿ ಪದ್ಮಿನಿಯೆಂಬ ಹೆಸರು ತಳೆಯಿತು. ಪದ್ಮಿನಿಯು ಪದ್ಮನಾಭನ ನಗರದಲ್ಲಿ ನೆಲೆನಿಂತದ್ದು ನಮ್ಮ ಭಾವನವರಿಗೆ ಮೆಚ್ಚಿನ ಚಮತ್ಕಾರವಾಗಿತ್ತು. ಬಂದ ನೆಂಟರೆಲ್ಲರೂ ಅದನ್ನು ಒಮ್ಮೆ ಕೇಳಿ ನಗಲೇಬೇಕಿತ್ತು.

ಹಿಂದೆಲ್ಲ ಗ್ಯಾರೇಜುಗಳಲ್ಲಿ ಇಂಥ ಎಂಜಿನ್ನಿಗೆ ಹಗ್ಗ ಬಿಗಿದು, ನಡುವೆ ಸರ್ವೆಯ ಗಳ ತೂರಿಸಿ, ಮುಂದಿಬ್ಬರು ಹಿಂದಿಬ್ಬರು ಹೆಗಲು ಕೊಟ್ಟು, ಉತ್ಸವಮೂರ್ತಿಯನ್ನು ಹೊರುವಂತೆ ಹೊರಗೆ ತರುತ್ತಿದ್ದರು. ಬೀದಿಯ ಹೊಂಗೆಮರದ ಕೊಂಬೆಗೆ ರಾಟೆ ಕಟ್ಟಿದವರೂ ಉಂಟು. ಗಿಯರ್‌ಬಾಕ್ಸೂ ಸೇರಿ ಒಂದು ಕ್ವಿಂಟಾಲನ್ನು ಮೀರುವ ಭಾರವದು. ಟನ್ನಿನ ಲೆಕ್ಕದಲ್ಲಿ ಅರ್ಧವೇ ಸಾಕು, ಒಂದು ಧಾರಾಳ. ಹಾಗಾಗಿ ಹುಡುಗನ ಪ್ರಶ್ನೆಗೆ ಉತ್ತರ ಆ ಕ್ಷಣಕ್ಕೇ ಇತ್ತು. ಅವನು ಕೇಳದೆ ಬಿಟ್ಟದ್ದು, ಆ ಭಾರ ಗಾಳಿಯಲ್ಲಿರುವಷ್ಟು ಹೊತ್ತು ಯಾರ ತಲೆಯ ಮೇಲೆ ಕೂರುತ್ತದೆ ಎಂಬುದನ್ನು.

ಅಕ್ಕನ ಪೋರ್ಟಿಕೋದ ಸೂರಿನಲ್ಲಿ ಉಯ್ಯಾಲೆಗೆಂದು ಮನೆ ಕಟ್ಟುವಾಗಲೇ ಹಾಕಿಸಿದ ಎರಡು ಕಬ್ಬಿಣದ ಕೊಂಡಿಗಳಿವೆ. ಚೈನ್ ಬ್ಲಾಕನ್ನು ಅವಕ್ಕೇ ನೇತುಹಾಕಿದರಾಯಿತೆಂದು ಹುಡುಗನ ಎಣಿಕೆ. ಗೌಡನಪಾಳ್ಯದಿಂದ ಬಂದ ಮೆಕ್ಯಾನಿಕ್ ಮೇಸ್ತ್ರಿಯು ಸ್ಪ್ಯಾನರಿನಿಂದ ಕೊಂಡಿಯನ್ನು ತಟ್ಟಿ, ಸದ್ದನ್ನು ಆಲಿಸಿ, ತಲೆಯಾಡಿಸಿದ. "ಇದು ಬೀಮಿನ ಕಂಬಿಗೆ ಕಟ್ಟಿದ್ದಾ, ಬರೀ ಮೋಲ್ಡಿನಲ್ಲಿ ಹೂತಿದ್ದಾ, ಯಾರಿಗೆ ಗೊತ್ತು ಸಾರ್? ಅಮ್ಮಾವ್ರು ಕೂತ್ಕೊಂಡ್ರೆ ತಡೆಯತ್ತೆ. ಇದನ್ನ ತಡೆಯತ್ತೆ ಅಂತ ನಾನು ಹೇಳಲ್ಲ." ಮೇಲ್ಮಹಡಿಯಲ್ಲಿ ಬಾಡಿಗೆಯವರು ಬೇರೆ ಇದ್ದರು.

ಹಾಗಾದರೆ ಹೈಡ್ರಾಲಿಕ್ ಕ್ರೇನಾಗಲಿ ಎಂದ ಹುಡುಗ. ಕಬ್ಬಿಣದ ಏತವದು, ಮಡಿಚಿ ಮೂಲೆಯಲ್ಲಿಡಬಹುದು, ಚಕ್ರಗಳ ಮೇಲೆ ತಳ್ಳಬಹುದು, ಒಬ್ಬನೇ ಕೈಪಂಪು ಹೊಡೆದು ಎತ್ತಬಹುದು. ಆದರೆ ಎರಡು ಟನ್ನೆಂದು ಬರೆದಿರುವ ಕ್ರೇನೂ ತೋಳನ್ನು ಪೂರ್ತಿ ಚಾಚಿದಾಗ ಅರ್ಧ ಟನ್ನಿಗೆ ಇಳಿಯುವುದು ಸಾಮಾನ್ಯ, ಪದ್ಮಿನಿಯ ಮೂತಿಯನ್ನು ದಾಟಿ ಎಂಜಿನ್ನಿನ ನೆತ್ತಿಯನ್ನು ಮುಟ್ಟಬೇಕಾದರೆ ಚಾಚಲೇಬೇಕು. ಒಳಗಿನ ರಬ್ಬರಿನ ಸೀಲು ಸವೆದರೆ ಎಣ್ಣೆ ಒಸರಿ ತೋಳು ಮೆಲ್ಲಮೆಲ್ಲನೆ ಇಳಿಯುತ್ತದೆ. ನಗರದ ಅಂಗಡಿಯೊಂದರಲ್ಲಿ ನಾನು ಕೊಂಡಿದ್ದ ಜಾಕು ರಾತ್ರಿ ಬೆಳಗಾಗುವುದರೊಳಗೆ ಎರಡು ಬೆರಳು ಕುಸಿದಿತ್ತು, ಕೇಳಹೋದರೆ "ಎಣ್ಣೆ ಬದಲಾಯಿಸಿ" ಎಂಬ ಸಮಾಧಾನ. ಇದೆಲ್ಲಕ್ಕಿಂತ ಮಿಗಿಲಾಗಿ, ನಮ್ಮ ಈ ಬಡಾವಣೆಗಳ ಪೋರ್ಟಿಕೋವೆಂದರೆ ಮಳೆನೀರು ಹರಿದುಹೋಗಲೆಂದು ಗೇಟಿನ ಕಡೆಗೆ ಇಳಿಜಾರು ಮಾಡಿರುವ ನೆಲ, ಆ ನೆಲದಡಿಯಲ್ಲಿ ಕಾವೇರಿಯ ನೀರು ತುಂಬುವ ಸಂಪು. ಕ್ರೇನಿನ ಮುಂಗಾಲುಗಳು ಕಾರಿನಡಿಗೆ ತೂರಿದಾಗ, ಭಾರವನ್ನೆಲ್ಲ ಹೊತ್ತ ಎರಡು ಪುಟ್ಟ ಚಕ್ರಗಳು ಬಂದು ನಿಲ್ಲುವುದು ಸಂಪಿನ ಮುಚ್ಚಳದ ಮೇಲೆಯೇ ಎಂಬುದನ್ನು ಟೇಪು ಹಿಡಿದು ಅಳೆದ ಮೇಲೆ ಹುಡುಗನ ಉತ್ಸಾಹ ತಣ್ಣಗಾಯಿತು. ಮೇಲೆ ನೋಡಿದರೆ ಬಾಡಿಗೆಯವರು, ಕೆಳಗೆ ನೋಡಿದರೆ ಕಾವೇರಿ.

ಕೊನೆಗೆ ಎರಡು ಕುಲಗಳಿಗೂ ಸಂಬಂಧ ಬೆಳೆಸಿದೆವು. ವೆಲ್ಡಿಂಗ್ ಶಾಪಿನಲ್ಲಿ ಐ-ಬೀಮು ತರಿಸಿ, ನಾಲ್ಕು ಕಾಲಿನ ಕಮಾನೊಂದನ್ನು ಕಾರಿನ ಆಚೀಚೆ ನಿಲ್ಲುವಷ್ಟು ಅಗಲವಾಗಿ ಮಾಡಿಸಿ, ಕಾಲುಗಳನ್ನು ಸಂಪಿನಿಂದ ಆಚೆಗೆ, ದಪ್ಪ ಹಲಗೆಗಳ ಮೇಲೆ ಮಟ್ಟಗೋಲು ಹಿಡಿದು ನಿಲ್ಲಿಸಿ, ಅದಕ್ಕೆ ಐ.ಎಸ್. 3832 ಎಂಬ ಭಾರತೀಯ ಮಾನಕದ ಒಂದು ಟನ್ನಿನ ಚೈನ್ ಬ್ಲಾಕನ್ನು ತೂಗುಹಾಕಿದೆವು. ಎತ್ತರದ ಲೆಕ್ಕ ನನ್ನದು: ಕಾರಿನ ಮೂತಿ 3 ಅಡಿ, ಎಂಜಿನ್ನು ಅದರ ಮೇಲೆ ಹಾಯಲು ಎರಡೂಕಾಲು, ಕಟ್ಟುಸರಪಳಿಗೆ 1, ಬ್ಲಾಕಿನ ಕೊಂಡಿಯಿಂದ ಕೊಂಡಿಗೆ ಒಂದೂಕಾಲು, ಒಟ್ಟು ಏಳೂವರೆ ಅಡಿ. ಸೂರು ಒಂಬತ್ತೂವರೆ ಅಡಿ ಇದ್ದುದರಿಂದ ಕಮಾನಿಗೆ ಎಡೆ ಧಾರಾಳವಾಗಿತ್ತು.

ಭಾನುವಾರ ಬೆಳಗ್ಗೆ ಬಾನೆಟ್ಟು, ರೇಡಿಯೇಟರು ಎಲ್ಲ ಕಳಚಿದ ಮೇಲೆ ಮೇಸ್ತ್ರಿ ಸರಪಳಿ ಎಳೆಯತೊಡಗಿದ. ಟಕ, ಟಕ, ಟಕ. ಎಂಜಿನ್ನಿನ ಮೂತಿ ಮೇಲಾಗಿ, ಗಿಯರ್‌ಬಾಕ್ಸಿನ ಬಾಲ ಕೆಳಗಾಗಿ, ಅದು ಓರೆಯಾಗಿ ಮೇಲೇರಿತು. ಹೊರೆ ಇಳಿದ ಕಾರಿನ ಮುಂಭಾಗವೂ ಸ್ಪ್ರಿಂಗುಗಳ ಮೇಲೆ ನಿಟ್ಟುಸಿರಿಟ್ಟಂತೆ ಎರಡಂಗುಲ ಎದ್ದಿತು. ಮೇಸ್ತ್ರಿ ಕೈಬಿಟ್ಟ. ಸದ್ದು ನಿಂತಿತು, ಎಂಜಿನ್ನೂ ನಿಂತಿತು. ನಮ್ಮ ಯೋಜನೆಯಂತೆ ಸರಿಯಬೇಕಾದದ್ದು ಎಂಜಿನ್ನಲ್ಲ, ಅದರ ಕೆಳಗಿನಿಂದ ಹಿಂದಕ್ಕೆ ಕಾರು. ಗೇಟಿನ ಕಡೆಗೆ ಇಳಿಜಾರು, ಕೈಬ್ರೇಕೋ ಭಾವನವರ ಕಾಲದಲ್ಲಿಯೇ ಸಡಿಲ. ಹುಡುಗ ಬಾಗಿಲ ಕಂಬ ಹಿಡಿದು ಹಿಂದಕ್ಕೆ ಬಿಡುತ್ತ ಬಂದ. ಎಪ್ಪತ್ತೆಂಟು ವರ್ಷದ ಅಕ್ಕ, ಸೀರೆಯ ನೆರಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರಿನ ಪಕ್ಕಕ್ಕೆ ನಿಂತು, ಅಡಿಗೆಮನೆಯ ಹಳೆಯ ಮಣೆಯೊಂದನ್ನು ಹಿಂದಿನ ಚಕ್ರದಡಿಗೆ ಬದಿಯಿಂದ ನೂಕುತ್ತ, ಸ್ವಲ್ಪ ತೆಗೆಯುತ್ತ, ಮತ್ತೆ ನೂಕುತ್ತ ಹೆಜ್ಜೆಹೆಜ್ಜೆಗೂ ಅದನ್ನು ತಡೆಯುತ್ತಿದ್ದಳು. ನಾನು ಹತ್ತಿರ ಹೋದೆ. "ನೀನು ದೂರ ನಿಂತ್ಕೊಳ್ಳೋ" ಎಂದಳು, ಚಕ್ರದಿಂದ ಕಣ್ಣು ತೆಗೆಯದೆ.