ತೆರೆದ ಬಾಗಿಲು
ಬಡವನ ಮಗ ಶಾಲೆಗೆ ಬಾರದಿದ್ದರೆ ‘ಅವನಿಗೆ ವಿದ್ಯೆಯ ಹಂಬಲವಿಲ್ಲ’ ಎಂದುಬಿಡುತ್ತೇವೆ. ಹಾಗೆ ಹೇಳುವುದು ಬಲು ಸುಲಭ! ಆಫ್ರಿಕಾ ಖಂಡದ ಕೆನ್ಯಾ ದೇಶವನ್ನು ನೋಡಿರಿ. 2003ರ ಜನವರಿಯಲ್ಲಿ ಅಲ್ಲಿಯ ಸರಕಾರ ಪ್ರಾಥಮಿಕ ಶಾಲೆಯ ಶುಲ್ಕವನ್ನು ತೆಗೆದುಹಾಕಿತು. ಒಂದೇ ವರ್ಷದಲ್ಲಿ ಮಕ್ಕಳ ಸಂಖ್ಯೆ ಸುಮಾರು 59 ಲಕ್ಷದಿಂದ 72 ಲಕ್ಷಕ್ಕೆ ಏರಿತು. ಮರುವರ್ಷ ಕಿಮಾನಿ ಮಾರುಗೆ ಎಂಬ 84ರ ವೃದ್ಧರು ಸಮವಸ್ತ್ರ ತೊಟ್ಟು ಒಂದನೆಯ ತರಗತಿಯಲ್ಲಿ ಬಂದು ಕುಳಿತರು. ಬೈಬಲನ್ನು ತಾವೇ ಓದಬೇಕೆಂಬುದು ಅವರ ಆಸೆ. ಹಂಬಲವಿರಲಿಲ್ಲವೇ? ಇತ್ತು, ಅಡ್ಡ ನಿಂತದ್ದು ಶುಲ್ಕ.

ಆದರೆ ಬಾಗಿಲು ತೆರೆದವರು ಒಳಗೆ ಗುರುಗಳನ್ನು ಆ ಪ್ರಮಾಣದಲ್ಲಿ ಹೆಚ್ಚಿಸಲಿಲ್ಲ. ಕೆಲವೆಡೆ ಒಬ್ಬ ಗುರುವಿನ ಮುಂದೆ ನೂರು ಮಕ್ಕಳು! ಕೈಯಲ್ಲಿ ಹಣವಿದ್ದವರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಕರೆದೊಯ್ದರು. ಇಲ್ಲದವರ ಮಕ್ಕಳು ಅಲ್ಲಿಯೇ, ಗುರುವಿನ ದನಿ ಮುಟ್ಟದ ಹಿಂದಿನ ಸಾಲಿನಲ್ಲಿ ಉಳಿದರು.